ಬ್ಯಾಟರಿ ಟೀಚರ್ ಅಂಕಣ: ಬಿಸಿ ಎಲ್ಲಿಗೆ ಹೋಗಬೇಕು?

ಕಳೆದ ತಿಂಗಳು ಚಾರ್ಜರ್ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಕಾಗದಗಳಲ್ಲಿ ಅರ್ಧಕ್ಕೂ ಜಾಸ್ತಿ ಬಿಸಿಯದ್ದೇ ದೂರು. ಉಡುಪಿಯ ಏಪ್ರಿಲ್ ಸೆಕೆಯಲ್ಲಿ ಬೇರೆ ಏನು ಕೇಳುತ್ತಾರೆ ಹೇಳಿ. ಹೊಸ ಓದುಗರಿಗೆ ಒಂದು ಮಾತು. ನಾನು ಇಪ್ಪತ್ತೆಂಟು ವರ್ಷ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಇದ್ದವಳು. ಈಗ ಮನೆಯ ಚಾವಡಿಯಲ್ಲಿ ಹಾಳಾದ ಬ್ಯಾಟರಿ ಬಿಚ್ಚಿ ನೋಡುವುದು ಕೆಲಸ. ಕೇರಿಯ ಮಕ್ಕಳು ಇಟ್ಟ ಹೆಸರೇ ಈ ಅಂಕಣಕ್ಕೂ ಬಂತು.

ಪ್ರಶ್ನೆ: ಉಡುಪಿ ಸಿಟಿ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಕೆಲಸ. ಇ-ಸ್ಕೂಟರ್ ಹಗಲಿಡೀ ಅಂಗಡಿ ಎದುರು ನಿಂತಿರುತ್ತದೆ. ಸಂಜೆ ಮಣಿಪಾಲದ ಮನೆಗೆ ಬಂದ ಕೂಡಲೇ ಚಾರ್ಜಿಗೆ ಹಾಕುತ್ತೇನೆ. ಕೆಲವು ದಿನ ಅರ್ಧ ಗಂಟೆ ಚಾರ್ಜ್ ಏರುವುದೇ ಇಲ್ಲ. ಶೋರೂಮಿನಲ್ಲಿ ಕೇಳಿದರೆ "ಅದು ಹಾಗೇ ಸರ್" ಅಂದರು. ಬ್ಯಾಟರಿ ಹೋಯಿತಾ? (ಮೆಡಿಕಲ್ ಅಂಗಡಿ ನೌಕರ, ಮಣಿಪಾಲ)

ಹೋಗಿಲ್ಲ ಮಾರಾಯ್ರೆ, ಅದು ತನ್ನನ್ನು ತಾನು ಉಳಿಸಿಕೊಳ್ಳುತ್ತಾ ಉಂಟು. ಶೋರೂಮಿನವರು ಹೇಳಿದ್ದು ಸುಳ್ಳಲ್ಲ, ಅರ್ಧಕ್ಕೆ ನಿಲ್ಲಿಸಿದರು ಅಷ್ಟೇ. ನಿಮ್ಮ ಬ್ಯಾಟರಿ ಅಂದರೆ ಸಣ್ಣ ಸಣ್ಣ ಸೆಲ್‌ಗಳನ್ನು ಜೋಡಿಸಿದ ಪ್ಯಾಕ್. ಅದರೊಳಗೆ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಎಂಬ ಸಣ್ಣ ಬೋರ್ಡ್ ಉಂಟು. ಸೆಲ್‌ಗಳಿಗೆ ಅಂಟಿಸಿದ ಸೆನ್ಸರ್‌ಗಳಿಂದ ಅದು ಉಷ್ಣತೆ ಓದುತ್ತಾ ಇರುತ್ತದೆ. ಹೆಚ್ಚಿನ ಲಿಥಿಯಂ ಸೆಲ್‌ಗಳು ಗಾಡಿ ಓಡಿಸುವಾಗ 60 ಡಿಗ್ರಿವರೆಗೂ ತಾಳಿಕೊಳ್ಳುತ್ತವೆ. ಚಾರ್ಜ್ ಮಾಡುವಾಗ ಮಾತ್ರ ಮಿತಿ 45ರ ಆಸುಪಾಸು. ಅದಕ್ಕಿಂತ ಬಿಸಿ ಇದ್ದರೆ ಬೋರ್ಡ್ ಬಾಗಿಲು ಹಾಕಿ ಕೂರುತ್ತದೆ.

ಬಿಸಿ ಎಲ್ಲಿಂದ ಬಂತು? ಏರು ಹತ್ತಿದ್ದರಿಂದ ಅಂತ ನಿಮಗೆ ಅನ್ನಿಸಿರಬಹುದು. ಒಂದು ಲೆಕ್ಕ ಹಾಕೋಣ. 3 ಯೂನಿಟ್ ಹಿಡಿಯುವ ಪ್ಯಾಕ್ ಅಂದರೆ ಸುಮಾರು 15 ಕಿಲೋ ಸೆಲ್. ಒಂದು ಕಿಲೋ ಸೆಲ್ ಒಂದು ಡಿಗ್ರಿ ಏರಲಿಕ್ಕೆ ಸುಮಾರು ಒಂದು ಕಿಲೋಜೌಲ್ ಬೇಕು, ನೀರಿಗೆ ಬೇಕಾದ ಕಾಲು ಭಾಗ. ಒಂದು ಯೂನಿಟ್ ಖರ್ಚು ಮಾಡಿ ಅದರಲ್ಲಿ ನೂರಕ್ಕೆ ನಾಲ್ಕು ಪಾಲು ಪ್ಯಾಕಿನೊಳಗೇ ಬಿಸಿಯಾಯಿತು ಅಂತಿಟ್ಟುಕೊಳ್ಳಿ. ಅದು 144 ಕಿಲೋಜೌಲ್. ಸೆಲ್‌ಗಳು ಹತ್ತು ಡಿಗ್ರಿ ಏರಬೇಕು. ಆದರೆ ಉಡುಪಿಯಿಂದ ಮಣಿಪಾಲಕ್ಕೆ ಐದಾರು ಕಿಲೋಮೀಟರ್. ಕಾಲು ಯೂನಿಟ್ ಖರ್ಚಾದರೆ ಹೆಚ್ಚು. ಏರಿನಲ್ಲಿ ಕರೆಂಟ್ ಜಾಸ್ತಿ ಹೋಗುತ್ತದೆ, ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಅದನ್ನೂ ಸೇರಿಸಿ ಮೂರು ನಾಲ್ಕು ಡಿಗ್ರಿ ಅನ್ನಿ.

ಲೆಕ್ಕ ನಂಬಲಿಕ್ಕೆ ಆಗದೆ ಒಂದು ಭಾನುವಾರ ನಾನೇ ನೋಡಿದೆ. ಮೀನಿನ ತೊಟ್ಟಿಗೆ ಹಾಕುವ ಅಗ್ಗದ ಡಿಜಿಟಲ್ ಥರ್ಮಾಮೀಟರಿನ ವಯರನ್ನು ನನ್ನ ಸ್ಕೂಟರಿನ ಬ್ಯಾಟರಿ ಪೆಟ್ಟಿಗೆಗೆ ಟೇಪು ಹಾಕಿ ಅಂಟಿಸಿದೆ. ಹಿಂದೆ ಯಜಮಾನರನ್ನು ಕೂರಿಸಿದೆ, ಎಪ್ಪತ್ತೆಂಟು ಕಿಲೋ. ಹೊರಡುವಾಗ 31.2. ಇಂದ್ರಾಳಿ ಸೇತುವೆಯಲ್ಲಿ 31.5. ಮಣಿಪಾಲ ಟೈಗರ್ ಸರ್ಕಲ್ಲಿಗೆ ಮುಟ್ಟುವಾಗ 33. ಗಾಡಿ ನೆರಳಿಗೆ ಹಾಕಿ ಚಹಾ ಕುಡಿದೆವು. ಇಪ್ಪತ್ತು ನಿಮಿಷ ಬಿಟ್ಟು ಬಂದು ನೋಡಿದರೆ 34.8! "ನಿಂತ ಗಾಡಿ ಬಿಸಿಯಾಗುವುದಾ?" ಅಂತ ಇವರು ಕೇಳಿದರು. ಕುಚ್ಚಲಕ್ಕಿ ಗಂಜಿ ಬಡಿಸಿದಾಗ ಮೇಲೆ ತಣಿದಂತೆ ಕಾಣುತ್ತದೆ, ನಡುವಿನಿಂದ ಒಂದು ಚಮಚ ತೆಗೆದರೆ ನಾಲಿಗೆ ಸುಡುತ್ತದೆ ಅಲ್ವಾ? ಹಾಗೆಯೇ. ಸೆಲ್ಲಿನ ಹೊಟ್ಟೆಯ ಬಿಸಿ ಪೆಟ್ಟಿಗೆಯ ಹೊರಗೆ ಬರಲಿಕ್ಕೆ ಸಮಯ ಬೇಕು. ನೀವು ಪ್ಲಗ್ ಹಾಕುವುದು ಸರಿಯಾಗಿ ಆ ಹೊತ್ತಿಗೇ.

ಅಂದರೆ ಏರಿನದ್ದು ಸಣ್ಣ ಪಾಲು. ದೊಡ್ಡ ಪಾಲು ಅಂಗಡಿ ಎದುರಿನ ಬಿಸಿಲಿನದ್ದು. ಕಾದ ಡಾಮರಿನ ಮೇಲೆ ಎಂಟು ಗಂಟೆ ನಿಂತು ಪ್ಯಾಕ್ ಆಗಲೇ ನಲ್ವತ್ತು ದಾಟಿರುತ್ತದೆ. ಮೇಲೆ ಏರಿನದ್ದು ಸೇರಿದರೆ ಮಿತಿ ಬಂತು. ಹಿಂಬದಿ ಗಲ್ಲಿಯಲ್ಲಿ ನೆರಳು ಸಿಕ್ಕರೆ ಅಲ್ಲಿ ನಿಲ್ಲಿಸಿ. ಮನೆಗೆ ಬಂದು ಸ್ನಾನ, ಊಟ ಮುಗಿಸಿ ಪ್ಲಗ್ ಹಾಕಿ. ಅವಸರ ಇಲ್ಲದ ದಿನ ನೂರರವರೆಗೆ ಏರಿಸಬೇಡಿ, ಎಂಬತ್ತು ಸಾಕು. ಬಿಸಿ ಒಂದೇ ಇದ್ದರೆ ಹೇಗೋ ತಾಳಿಕೊಳ್ಳುತ್ತದೆ. ಹೊಟ್ಟೆ ತುಂಬಿ ಬಿಸಿಯಲ್ಲಿ ಕೂರುವುದು ಸೆಲ್ಲಿಗೆ ತೀರಾ ಕಷ್ಟ. ಸೆಲ್ಲಿನ ಮೈನಸ್ ಕಡೆಯ ಗ್ರಾಫೈಟ್ ಮೇಲಿನ ತೆಳು ಪದರ ದಪ್ಪವಾಗುತ್ತಾ ಹೋಗುತ್ತದೆ, ಓಡಾಡಬೇಕಾದ ಲಿಥಿಯಂ ಅದರಲ್ಲಿ ಸಿಕ್ಕಿಬೀಳುತ್ತದೆ, ವಾಪಸ್ ಬರುವುದಿಲ್ಲ. ಹತ್ತು ಡಿಗ್ರಿ ಏರಿದರೆ ಈ ಸವೆತ ಸುಮಾರು ಎರಡು ಪಟ್ಟು ಅಂತ ನಾವು ಲ್ಯಾಬಿನವರು ಅಂದಾಜು ಹಾಕುತ್ತೇವೆ.

ಪ್ರಶ್ನೆ: ಎಲೆಕ್ಟ್ರಿಕ್ ಆಟೋದಲ್ಲಿ ಮಲ್ಪೆ ಬಂದರಿನಿಂದ ಮೀನು ಸಾಗಿಸುತ್ತೇನೆ. ಕೆಲಸ ಮುಗಿದ ಮೇಲೆ ಉಳಿದ ಐಸ್ ಪುಡಿ ಗೋಣಿಯಲ್ಲಿ ಕಟ್ಟಿ ಬ್ಯಾಟರಿ ಪೆಟ್ಟಿಗೆ ಮೇಲೆ ಇಡುತ್ತೇನೆ. ಬೇಗ ತಣಿಯುತ್ತದೆ, ಬೇಗ ಚಾರ್ಜ್ ಆಗುತ್ತದೆ. ಹೆಂಡತಿ ಬೇಡ ಅಂತಾಳೆ. ಯಾರು ಸರಿ? (ಆಟೋ ಚಾಲಕ, ಮಲ್ಪೆ)

ಹೆಂಡತಿ ಸರಿ. ಆದರೆ ನಿಮ್ಮ ತಲೆಯೂ ಒಳ್ಳೆಯದೇ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತೊಂದರೆ ನೋಡಿ. ಫ್ರಿಜ್ಜಿನಿಂದ ತೆಗೆದ ಬಾಟ್ಲಿ ಬೆವರುವುದು ನಿಮಗೆ ಗೊತ್ತುಂಟು. ನಮ್ಮ ಕರಾವಳಿಯ ಗಾಳಿಯಲ್ಲಿ ಎಷ್ಟು ನೀರುಂಟು ಅಂದರೆ, ಮೇ ತಿಂಗಳಲ್ಲಿ ಯಾವುದೇ ವಸ್ತು 25 ಡಿಗ್ರಿಗಿಂತ ಸ್ವಲ್ಪ ತಣ್ಣಗಾದರೂ ಸಾಕು, ಅದರ ಮೇಲೆ ಹನಿ ಕೂರುತ್ತದೆ. ನೀವು ಐಸ್ ಇಟ್ಟರೆ ಪೆಟ್ಟಿಗೆ ಹೊರಗೂ ಬೆವರುತ್ತದೆ, ಒಳಗೂ ಬೆವರಬಹುದು. ಪ್ಯಾಕಿಗೆ ಐಪಿ67 ಅಂತ ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ನೀರು ಒಳಗೆ ಹೋಗಬಾರದು ಅಂತ ಅರ್ಥ. ಒಳಗೇ ಇರುವ ಗಾಳಿ ಬೆವರುವುದಕ್ಕೆ ಆ ಅಕ್ಷರ ಏನೂ ಮಾಡುವುದಿಲ್ಲ. ಮೀನಿನ ಐಸ್ ಕರಗಿದ ನೀರಿನಲ್ಲಿ ಉಪ್ಪೂ ಉಂಟು.

ಹೋದ ಮಳೆಗಾಲದಲ್ಲಿ ಇಂಥದೇ ಒಂದು ಆಟೋದ ಕನೆಕ್ಟರ್ ನನ್ನ ಮೇಜಿಗೆ ಬಂತು. ಹೊರಗೆ ಏನೂ ಇಲ್ಲ, ಕಪ್ಪು ಪ್ಲಾಸ್ಟಿಕ್, ಚೆಂದ ಉಂಟು. ಎಳೆದು ಬಿಚ್ಚಿದರೆ ನಾಲ್ಕು ಪಿನ್ನುಗಳಲ್ಲಿ ಎರಡಕ್ಕೆ ಹಸಿರು ಕಿಲುಬು ಹಿಡಿದಿತ್ತು. ಬೆರಳಲ್ಲಿ ಉಜ್ಜಿದರೆ ಹಳೆ ಹಿತ್ತಾಳೆ ದೀಪದ ಹಾಗೆ ಪುಡಿ ಬಂತು. ಮೂರನೆಯ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಕರಗಿತ್ತು. ಕಿಲುಬು ಹಿಡಿದಲ್ಲಿ ರೆಸಿಸ್ಟೆನ್ಸ್ ಏರುತ್ತದೆ, ಸರಿ ಇದ್ದ ಪಿನ್ನಿಗೆ ಹೊರೆ ಜಾಸ್ತಿಯಾಗುತ್ತದೆ. ತಂಪು ಮಾಡಲು ಹೋಗಿ ಬೆಂಕಿಗೆ ಜಾಗ ಮಾಡಿಕೊಟ್ಟ ಹಾಗೆ.

ಇನ್ನೊಂದು ತೊಂದರೆ. ಐಸ್ ಮೇಲಿನ ಸಾಲನ್ನು ಮಾತ್ರ ತಣಿಸುತ್ತದೆ, ಕೆಳಗಿನ ಸಾಲು ಬಿಸಿಯೇ. ತಣ್ಣಗಿನ ಸೆಲ್ ಕರೆಂಟನ್ನು ತಡೆಯುತ್ತದೆ, ಬಿಸಿಯದ್ದು ಜಾಸ್ತಿ ಎಳೆಯುತ್ತದೆ. ಒಂದೇ ಪ್ಯಾಕಿನ ಸೆಲ್‌ಗಳ ನಡುವೆ ಐದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅಂತ ಮಾಡುವವರು ಹೆಣಗಾಡುತ್ತಾರೆ. ನೀವು ಒಂದು ಗೋಣಿಯಲ್ಲಿ ಅದನ್ನು ಹದಿನೈದು ಮಾಡಿದಿರಿ.

ಈಗ ತಲೆಯ ವಿಷಯ. ಬಂದರಿನಲ್ಲಿ ಬಂಗುಡೆ ಪೆಟ್ಟಿಗೆಗೆ ಐಸ್ ಯಾಕೆ ಹಾಕುತ್ತೀರಿ, ತಣ್ಣೀರು ಯಾಕೆ ಹಾಕುವುದಿಲ್ಲ? ಒಂದು ಕಿಲೋ ಐಸ್ ಕರಗಿ ಮುಗಿಯುವವರೆಗೆ 334 ಕಿಲೋಜೌಲ್ ಬಿಸಿ ನುಂಗುತ್ತದೆ, ಅಷ್ಟು ಹೊತ್ತೂ ಸೊನ್ನೆ ಡಿಗ್ರಿಯಲ್ಲೇ ಇರುತ್ತದೆ. ಇದೇ ಉಪಾಯವನ್ನು ಬ್ಯಾಟರಿಗೆ ತಂದವರು ಶಿಕಾಗೋದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಅಲ್ ಹಲ್ಲಾಜ್ ಮತ್ತು ಸೆಲ್ಮನ್. 2000ದಲ್ಲಿ ಬರೆದರು. ಐಸ್ ಬದಲು ಅವರು ತೆಗೆದುಕೊಂಡದ್ದು ಮೇಣ. ನಲ್ವತ್ತು ಚಿಲ್ಲರೆ ಡಿಗ್ರಿಗೆ ಕರಗುವ ಪ್ಯಾರಾಫಿನ್ ಮೇಣವನ್ನು ಸೆಲ್‌ಗಳ ಸುತ್ತ ತುಂಬಿದರೆ, ಕಿಲೋಗೆ ಸುಮಾರು 200 ಕಿಲೋಜೌಲ್ ನುಂಗಿಕೊಂಡು ಕರಗುತ್ತದೆ. ಪಂಪ್ ಬೇಡ, ಫ್ಯಾನ್ ಬೇಡ, ಬೆವರುವುದಿಲ್ಲ. ಮೇಣದಲ್ಲಿ ಬಿಸಿ ಬೇಗ ಹರಿಯುವುದಿಲ್ಲ, ಹಾಗಾಗಿ ಗ್ರಾಫೈಟ್ ಬೆರೆಸುತ್ತಾರೆ. ಇನ್ನೊಂದು ಷರತ್ತು, ಕರಗಿದ ಮೇಣ ರಾತ್ರಿ ಮತ್ತೆ ಗಟ್ಟಿಯಾಗಬೇಕು. ಮಧ್ಯಾಹ್ನ ಮೂರು ಟ್ರಿಪ್ ಬಿಡುವಿಲ್ಲದೆ ಹೊಡೆದರೆ ಮೂರನೆಯದ್ದಕ್ಕೆ ಮೇಣದ ಕೆಲಸ ಮುಗಿದಿರುತ್ತದೆ.

ನೀವು ಮಾಡಬೇಕಾದದ್ದು ಇಷ್ಟೇ. ಆಟೋವನ್ನು ಗಾಳಿ ಆಡುವ ನೆರಳಲ್ಲಿ ನಿಲ್ಲಿಸಿ. ಪೆಟ್ಟಿಗೆಯ ಎದುರಿಗೆ ಒಂದು ಟೇಬಲ್ ಫ್ಯಾನ್ ಹಾಕಿದರೂ ಆದೀತು. ಐಸನ್ನು ಬಂಗುಡೆಗೇ ಬಿಡಿ.

ಪ್ರಶ್ನೆ: ಹೊಸ ಎಲೆಕ್ಟ್ರಿಕ್ ಕಾರು. ಫಾಸ್ಟ್ ಚಾರ್ಜಿಗೆ ಹಾಕಿದರೆ ಬಾನೆಟ್ ಒಳಗಿಂದ ದೊಡ್ಡ ಫ್ಯಾನ್ ಶಬ್ದ, ಕೆಳಗೆ ನೀರು ತೊಟ್ಟಿಕ್ಕುತ್ತದೆ. ನಾನೂ ನನ್ನ ಅಳಿಯನೂ ಇದರ ಮೇಲೆ ಜಗಳ ಮಾಡಿಕೊಂಡೆವು. (ನಿವೃತ್ತ ಬ್ಯಾಂಕ್ ನೌಕರ, ಬಿಜೈ, ಮಂಗಳೂರು)

ಜಗಳ ನಿಲ್ಲಿಸಿ. ನಿಮ್ಮದು ಲಿಕ್ವಿಡ್ ಕೂಲಿಂಗ್ ಇರುವ ಕಾರು. 50 ಕಿಲೋವಾಟ್ ಚಾರ್ಜರಿನಿಂದ ಕರೆಂಟ್ ಒಳಗೆ ಹೋಗುವಾಗ ನೂರಕ್ಕೆ ಮೂರು ಪಾಲು ಬಿಸಿಯಾದರೂ ಒಂದೂವರೆ ಕಿಲೋವಾಟ್ ಆಯಿತು. ಅಂದರೆ ಒಂದೂವರೆ ಇಸ್ತ್ರಿಪೆಟ್ಟಿಗೆಯನ್ನು ಬ್ಯಾಟರಿಯೊಳಗೆ ಆನ್ ಮಾಡಿ ಇಟ್ಟ ಹಾಗೆ. ಸೆಲ್‌ಗಳ ಅಡಿಯಲ್ಲಿ ಅಲ್ಯೂಮಿನಿಯಂ ತಟ್ಟೆ, ಅದರೊಳಗೆ ನೀರು ಮತ್ತು ಗ್ಲೈಕಾಲ್ ಸೇರಿದ ಕೂಲೆಂಟ್ ಹರಿಯುತ್ತದೆ. ಅದು ಬಿಸಿಯನ್ನು ಎದುರಿನ ರೇಡಿಯೇಟರಿಗೆ ಒಯ್ಯುತ್ತದೆ. ಹೊರಗೆ 35 ಡಿಗ್ರಿ ಇರುವಾಗ ರೇಡಿಯೇಟರ್ ಒಂದೇ ಸಾಲದು. ಆಗ ನಿಮ್ಮ ಎಸಿಯ ಕಂಪ್ರೆಸರೇ ಬ್ಯಾಟರಿಗೂ ದುಡಿಯುತ್ತದೆ. ಎಸಿ ಪೈಪ್ ಬೆವರಿ ತೊಟ್ಟಿಕ್ಕುವ ನೀರು ಬರೀ ನೀರು. ಬಣ್ಣ ಇದ್ದರೆ, ಕೈಗೆ ಜಿಗುಟಾದರೆ ಅದು ಕೂಲೆಂಟ್. ಆಗ ಕಾರನ್ನು ಸರ್ವಿಸಿಗೆ ಕೊಡಿ, ಅಳಿಯನ ಮಾತು ಕೇಳುತ್ತಾ ಕೂರಬೇಡಿ.

ನೀರೇ ಯಾಕೆ, ಗಾಳಿ ಸಾಲದಾ ಅಂತ ಕೇಳಬಹುದು. ಒಂದು ಲೀಟರ್ ನೀರು ಹೊರುವ ಬಿಸಿಯನ್ನು ಹೊರಲು ಮೂರು ಸಾವಿರ ಲೀಟರಿಗೂ ಜಾಸ್ತಿ ಗಾಳಿ ಬೇಕು. 2010ರ ಕೊನೆಗೆ ಬಂದ ನಿಸಾನ್ ಲೀಫ್ ಕಾರಿನಲ್ಲಿ ಬ್ಯಾಟರಿಗೆ ಲಿಕ್ವಿಡ್ ಕೂಲಿಂಗ್ ಇರಲಿಲ್ಲ, ಪೆಟ್ಟಿಗೆ ತನ್ನಷ್ಟಕ್ಕೆ ತಣಿಯಬೇಕಿತ್ತು. ಅಮೆರಿಕದ ಅರಿಜೋನಾದಂಥ ಬಿಸಿಲ ನಾಡಿನಲ್ಲಿ ಎರಡು ವರ್ಷಕ್ಕೇ ಕೆಲವರ ಕಾರು ಓಡುವ ದೂರ ಇಳಿದು 2012ರಲ್ಲಿ ದೊಡ್ಡ ಗಲಾಟೆಯಾಯಿತು. ಅದೇ ಕಾರು ತಂಪಿನ ಊರುಗಳಲ್ಲಿ ಅಷ್ಟು ಬೇಗ ಸೋಲಲಿಲ್ಲ. ಆದ್ದರಿಂದ ನಿಮ್ಮ ಕಾರಿನ ಶಬ್ದ ಕೇಳಿ ಸಂತೋಷಪಡಿ. ಶಬ್ದ ಮಾಡದ ಕಾರು ಕೊಂಡಿದ್ದರೆ ನಾನು ಹೆದರುತ್ತಿದ್ದೆ.

ಪ್ರಶ್ನೆ: ಮೆಟ್ಟಿಲಿನ ಅಡಿಯ ಕಪಾಟಿನಲ್ಲಿ ಇನ್ವರ್ಟರಿನ ಲಿಥಿಯಂ ಬ್ಯಾಟರಿ ಇಡಬಹುದಾ? ಹೊಗೆ, ವಾಸನೆ ಇಲ್ಲ, ನೀರು ಹಾಕಬೇಕಾಗಿಲ್ಲ ಅಂತಾರೆ. (ಗೃಹಿಣಿ, ಕಾರ್ಕಳ)

ಈ ತಪ್ಪು ಮಾಡಿದವಳೇ ನಾನು. ಆಗ ನಮ್ಮದು ಲೆಡ್ ಆಸಿಡ್ ಟ್ಯೂಬುಲರ್ ಬ್ಯಾಟರಿ. ಮೆಟ್ಟಿಲಿನ ಅಡಿ ಖಾಲಿ ಉಂಟಲ್ಲ ಅಂತ ಇಟ್ಟೆ, ಎದುರಿಗೆ ಬಾಗಿಲು ಹಾಕಿಸಿದೆ. ಮೇಲೆ ಹಳೆ ಪೇಪರ್ ಕಟ್ಟು, ಚಾಪೆ, ಮಗನ ಕ್ರಿಕೆಟ್ ಪ್ಯಾಡ್. ಲ್ಯಾಬಿನಲ್ಲಿ ಮಕ್ಕಳಿಗೆ ವೆಂಟಿಲೇಷನ್ ಪಾಠ ಹೇಳುವವಳ ಮನೆಯ ಸ್ಥಿತಿ ಇದು! ಐದು ವರ್ಷ ಬರಬೇಕಾದ್ದು ಎರಡೂವರೆ ವರ್ಷಕ್ಕೆ ಮುಗಿಯಿತು. ಮಳೆಗಾಲದ ಒಂದು ರಾತ್ರಿ ಕರೆಂಟ್ ಹೋಗಿ ಇಪ್ಪತ್ತು ನಿಮಿಷಕ್ಕೆ ಇನ್ವರ್ಟರ್ ಕೂಗಲಿಕ್ಕೆ ಶುರುವಾದಾಗ ಟಾರ್ಚ್ ಹಿಡಿದು ಬಾಗಿಲು ತೆಗೆದೆ. ಮುಖಕ್ಕೆ ಒಲೆಯ ಹಾಗೆ ಝಳ ಹೊಡೆಯಿತು.

ಲಿಥಿಯಂ ಬ್ಯಾಟರಿಗೂ ಇದೇ ಮಾತು. ವಾಸನೆ ಇಲ್ಲ ಅಂದರೆ ಬಿಸಿ ಇಲ್ಲ ಅಂತ ಅಲ್ಲ. ಇನ್ವರ್ಟರ್ ಕೂಡ ಅದೇ ಕಪಾಟಿನಲ್ಲಿದ್ದರೆ ಅದರ ಬಿಸಿಯೂ ಸೇರುತ್ತದೆ. ಬಾಗಿಲು ತೆಗೆಸಿ, ಇಲ್ಲವೇ ಕೆಳಗೆ ಮತ್ತು ಮೇಲೆ ಜಾಲರಿ ಇಡಿಸಿ. ಬಿಸಿ ಗಾಳಿ ಮೇಲಿನಿಂದ ಹೋಗಬೇಕು, ತಣ್ಣಗಿನದ್ದು ಕೆಳಗಿನಿಂದ ಬರಬೇಕು. ಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ಬಿಡಿ. ಪೇಪರ್ ಕಟ್ಟು ರದ್ದಿಯವನಿಗೆ ಕೊಡಿ.

ಪ್ರಶ್ನೆ: ಅಮೆರಿಕದಲ್ಲಿ ವಿದ್ಯುತ್ ಕೂಡಿಡುವ ಮಾಸ್ ಲ್ಯಾಂಡಿಂಗ್ ಬ್ಯಾಟರಿ ಕೇಂದ್ರಕ್ಕೆ ಬೆಂಕಿ ಬಿದ್ದು ಆರಿಸಲಿಕ್ಕೇ ಆಗಲಿಲ್ಲ ಅಂತ ಓದಿದೆ. ಇಷ್ಟು ಕೂಲಿಂಗ್ ಇದ್ದೂ ಯಾಕೆ? (ಇಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್)

ನಿನ್ನ ಅಜ್ಜನ ಮನೆಯಲ್ಲಿ ಗದ್ದೆ ಇದ್ದರೆ ಕೇಳು ಮಗಳೇ. ಬೈಹುಲ್ಲು ಸರಿಯಾಗಿ ಒಣಗದೆ ಕುತ್ತರಿ ಹಾಕಿದರೆ ಒಳಗೆ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಒಳಗಿನ ಕ್ರಿಯೆ ಜೋರು, ಜೋರಾದಷ್ಟೂ ಬಿಸಿ. ಹೊರಗಿನ ಹುಲ್ಲು ಕಂಬಳಿಯ ಹಾಗೆ ಆ ಬಿಸಿಯನ್ನು ಹೋಗಲಿಕ್ಕೆ ಬಿಡುವುದಿಲ್ಲ. ಒಂದು ದಿನ ಹೊಗೆ ಏಳುತ್ತದೆ. ಲಿಥಿಯಂ ಸೆಲ್ಲಿನ ಥರ್ಮಲ್ ರನ್‌ಅವೇ ಕೂಡ ಇದೇ ಜಾತಿ, ದಿನಗಳ ಬದಲು ನಿಮಿಷಗಳಲ್ಲಿ. 80ರಿಂದ 120 ಡಿಗ್ರಿಯಲ್ಲಿ, ಮೊದಲ ಉತ್ತರದಲ್ಲಿ ಹೇಳಿದ ಗ್ರಾಫೈಟ್ ಮೇಲಿನ ತೆಳು ಪದರ ಒಡೆಯುತ್ತದೆ. 130ರ ಆಸುಪಾಸು ಪ್ಲಸ್, ಮೈನಸ್ ಕಡೆಗಳ ನಡುವಿನ ಪಾಲಿಎಥಿಲೀನ್ ಪರದೆ ಕರಗುತ್ತದೆ, ಎರಡೂ ಒಳಗೇ ತಾಗುತ್ತವೆ. ನಿಕಲ್ ಇರುವ ಎನ್‌ಎಂಸಿ ಸೆಲ್ ಆದರೆ 200ರ ಹತ್ತಿರ ಕ್ಯಾಥೋಡೇ, ಅಂದರೆ ಪ್ಲಸ್ ಕಡೆಯೇ, ಆಮ್ಲಜನಕ ಬಿಡುತ್ತದೆ. ಬೆಂಕಿಗೆ ಹೊರಗಿನ ಗಾಳಿಯನ್ನೇ ಕಾಯಬೇಕಾಗಿಲ್ಲ.

ಹಾಗಾಗಿಯೇ ಜ್ವಾಲೆ ಆರಿಸುವ ಗ್ಯಾಸ್ ಸಾಲುವುದಿಲ್ಲ. 2019ರ ಏಪ್ರಿಲ್ 19ರಂದು ಅರಿಜೋನಾದ ಮೆಕ್‌ಮಿಕನ್ ಬ್ಯಾಟರಿ ಕೇಂದ್ರದಲ್ಲಿ ಇದೇ ಆಯಿತು. ಒಂದು ಸೆಲ್‌ನಲ್ಲಿ ಶುರುವಾಗಿ ಇಡೀ ರ‍್ಯಾಕಿಗೆ ಹಬ್ಬಿತು. ಗ್ಯಾಸ್ ಬಿಡುಗಡೆಯಾಯಿತು, ಆದರೆ ಬಿಸಿ ಒಳಗೇ ಉಳಿಯಿತು. ಸೆಲ್‌ಗಳು ಉಗುಳಿದ ಉರಿಯುವ ಅನಿಲ ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡಿತು. ಸಿಬ್ಬಂದಿ ಬಾಗಿಲು ತೆರೆದ ಮೇಲೆ ಸ್ಫೋಟವಾಗಿ ಅಗ್ನಿಶಾಮಕ ದಳದವರು ಗಾಯಗೊಂಡರು. ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನದ್ದು 2025ರ ಜನವರಿ 16. 300 ಮೆಗಾವಾಟಿನ ಆ ಕೇಂದ್ರವನ್ನು ಹಳೆ ವಿದ್ಯುತ್ ಸ್ಥಾವರದ ಟರ್ಬೈನ್ ಕಟ್ಟಡದೊಳಗೆ ಇಟ್ಟಿದ್ದರು, ಎಲ್ಲ ಒಂದೇ ಸೂರಿನ ಅಡಿ. ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋಗಬೇಕಾಯಿತು. ಫೆಬ್ರವರಿಯಲ್ಲಿ ಮತ್ತೆ ಹೊತ್ತಿತು. ಈಗ ಹೊಸ ಕೇಂದ್ರಗಳಲ್ಲಿ ಬಯಲಿನಲ್ಲಿ ಕಂಟೇನರ್‌ಗಳನ್ನು ಅಂತರ ಬಿಟ್ಟು ಇಡುತ್ತಾರೆ. ಒಂದು ಹೊತ್ತಿದರೆ ಅದನ್ನು ಉರಿಯಲು ಬಿಟ್ಟು ಪಕ್ಕದ್ದಕ್ಕೆ ನೀರು ಹೊಡೆಯುತ್ತಾರೆ. ಕೂಲಿಂಗ್ ಇರುವುದು ದಿನನಿತ್ಯದ ಬಿಸಿಗೆ. ಹೀಗೆ ಹತೋಟಿ ತಪ್ಪಿ ಓಡಲು ಶುರುವಾದ ಸೆಲ್ಲನ್ನು ಅದು ಹಿಡಿಯಲಾರದು. ಪಕ್ಕದ ಸೆಲ್ಲಿಗೆ ದಾಟದ ಹಾಗೆ ನಡುವೆ ಬಿಸಿ ತಡೆಯುವ ಮೈಕಾ, ಏರೋಜೆಲ್ ಹಾಳೆ ಇಡುವುದು ಬೇರೆಯೇ ಕೆಲಸ. ನಿನ್ನ ಪ್ರಾಜೆಕ್ಟಿಗೆ ಇದು ಒಳ್ಳೆಯ ವಿಷಯ.

ಹೊಸ ಕೇಂದ್ರಗಳಲ್ಲಿ ಹೆಚ್ಚಾಗಿ ಎಲ್‌ಎಫ್‌ಪಿ ಸೆಲ್. ಕಬ್ಬಿಣ, ಫಾಸ್ಫೇಟ್ ಇರುವಂಥದ್ದು, ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. 1997ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದ ಮೂವರಲ್ಲಿ ಗುಡ್‌ಇನಫ್ ಹೆಸರು ಎಲ್ಲರಿಗೂ ಗೊತ್ತು, 2019ರಲ್ಲಿ ನೊಬೆಲ್ ಬಂದವರು. ಉಳಿದಿಬ್ಬರು ಪಾಧಿ ಮತ್ತು ನಂಜುಂಡಸ್ವಾಮಿ. ಆ ಎರಡನೆಯ ಹೆಸರು ಓದಿದಾಗೆಲ್ಲ ನನಗೆ ನಮ್ಮ ಲ್ಯಾಬಿನ ಹಾಜರಿ ಪುಸ್ತಕ ನೆನಪಾಗುತ್ತದೆ. ಎಲ್‌ಎಫ್‌ಪಿ ಅಂದರೆ ಹೊತ್ತುವುದೇ ಇಲ್ಲ ಅಂತ ಮಾರುವವರು ಹೇಳಿದರೆ ನಂಬಬೇಡ. ಬಿಸಿ ಮಿತಿ ಮೀರಿದರೆ ಅದೂ ಉರಿಯುವ ಅನಿಲ ಬಿಡುತ್ತದೆ.

ಸಣ್ಣ ಪ್ರಶ್ನೆಗಳು

ಮಗ ಮೂರು ತಿಂಗಳು ದುಬೈಗೆ, ಸ್ಕೂಟರನ್ನು ಫುಲ್ ಚಾರ್ಜ್ ಮಾಡಿ ಇಡಲೇ? (ಕಾಪು)

ಬೇಡ. ಅರ್ಧಕ್ಕೆ ನಿಲ್ಲಿಸಿ, ತಗಡಿನ ಶೆಡ್ ಬಿಟ್ಟು ಹಂಚಿನ ಮಾಡಿನ ಅಡಿ ಇಡಿ. ತಿಂಗಳಿಗೊಮ್ಮೆ ನೋಡಿ, ತೀರಾ ಇಳಿದಿದ್ದರೆ ಸ್ವಲ್ಪ ಹಾಕಿ.

ಬಂದರಿನಿಂದ ಬಂದ ಗಾಡಿಯನ್ನು ಪ್ರೆಷರ್ ನೀರಲ್ಲಿ ತೊಳೆಯಬಹುದಾ? (ಗಂಗೊಳ್ಳಿ)

ತೊಳೆಯಿರಿ, ಉಪ್ಪು ಹೋಗಲೇಬೇಕು. ಆದರೆ ಬಕೆಟ್ ನೀರು, ಬಟ್ಟೆ ಸಾಕು. ಮೇಲೆ ಹೇಳಿದ ಐಪಿ67 ಮುಳುಗುವುದಕ್ಕೆ, ಪ್ರೆಷರ್ ಏಟಿಗೆ ಅಲ್ಲ.

ಆಗುಂಬೆ ಘಾಟಿ ಇಳಿಯುವಾಗ ನನ್ನ ಕಾರು ಬ್ರೇಕಿನಿಂದ ಚಾರ್ಜ್ ಮಾಡಿಕೊಳ್ಳುವುದೇ ಇಲ್ಲ. ಮೊನ್ನೆ ಮಾಡಿತ್ತು! (ತೀರ್ಥಹಳ್ಳಿ ಕಡೆಗೆ ದಿನಾ ಹೋಗುವವರು, ಹೆಬ್ರಿ)

ಮೇಲೆ ಎಲ್ಲಿಯೋ ಫುಲ್ ಚಾರ್ಜ್ ಮಾಡಿ ಹೊರಟಿರಬೇಕು. ತುಂಬಿದ ಕೊಡಕ್ಕೆ ನೀರು ಹೊಯ್ಯಲಿಕ್ಕಾಗುತ್ತದಾ? ಬ್ಯಾಟರಿ ತುಂಬಾ ಬಿಸಿಯಾಗಿದ್ದರೂ ಬಿಎಂಎಸ್ ಹೀಗೇ ಮಾಡುತ್ತದೆ. ಹದಿನಾಲ್ಕು ತಿರುವು ಉಂಟು, ಮಾಮೂಲಿ ಬ್ರೇಕ್ ಮೇಲೇ ಭಾರ ಬೀಳುತ್ತದೆ. ನಿಧಾನಕ್ಕೆ ಇಳಿಯಿರಿ. ಮುಂದಿನ ಸಲ ಮೇಲೆ ಎಂಬತ್ತಕ್ಕೇ ಪ್ಲಗ್ ತೆಗೆದು ಹೊರಡಿ. ಸೋಮೇಶ್ವರಕ್ಕೆ ಇಳಿದಾಗ ಮೀಟರ್ ಎಷ್ಟು ತೋರಿಸಿತು ಅಂತ ನನಗೊಂದು ಕಾರ್ಡು ಬರೆಯಿರಿ.